ಹತ್ತಿ ಸೀಜನ್ನಿನಲ್ಲೂ ನಿಲ್ಲದ ಅರ್ಧ ತಾಸು

2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ಗುಕೇಶ್, ಡಿಂಗ್ ಲಿರೆನ್ ಅವರನ್ನು ಸೋಲಿಸಿ ಹದಿನೆಂಟನೇ ವಯಸ್ಸಿಗೇ ಚೆಸ್ ವಿಶ್ವ ಚಾಂಪಿಯನ್ ಆದರು. ಅವತ್ತಿನಿಂದ ಆಂಧ್ರದ ಗಡಿನಾಡಿನ ನಮ್ಮ ಊರು ನಾಗಲದಿನ್ನೆಯಲ್ಲೂ ಸುತ್ತಲಿನ ಹಳ್ಳಿಗಳಲ್ಲೂ ಮಗನ ಕೈ ಹಿಡಿದು ನನ್ನ ಹತ್ತಿರ ಬರುವ ಅಪ್ಪಂದಿರ ಪ್ರಶ್ನೆ ಒಂದೇ: "ದಿನಕ್ಕೆ ಎಷ್ಟು ತಾಸು ಆಡಿಸಬೇಕಣ್ಣಾ?" ಅರ್ಧ ತಾಸು ಸಾಕು ಅನ್ನುತ್ತೇನೆ. ಅವರ ಮುಖ ಸಪ್ಪಗಾಗುತ್ತದೆ. ಎಂಟು ತಾಸು ಅಂದಿದ್ದರೆ ಖುಷಿಪಡುತ್ತಿದ್ದರೇನೋ. ದೊಡ್ಡ ಗುರಿಗೆ ದೊಡ್ಡ ಲೆಕ್ಕವೇ ಬೇಕು ಎಂಬ ನಂಬಿಕೆ ಎಲ್ಲರಲ್ಲೂ ಬೇರೂರಿದೆ. ಈ ಅರ್ಧ ತಾಸಿನ ಪರವಾಗಿ ನಾನು ಪೂರ್ತಿ ಮನಸ್ಸಿನಿಂದ ಮಾತಾಡಬೇಕಾಗಿದೆ.

ನಾನು ಆದೋನಿ ಮಾರ್ಕೆಟ್ ಯಾರ್ಡಿನ ಒಂದು ದಲಾಲಿ ಅಂಗಡಿಯಲ್ಲಿ ಗುಮಾಸ್ತ. ವಾರವೆಲ್ಲ ಆದೋನಿಯಲ್ಲಿ ಇರುತ್ತೇನೆ, ಶನಿವಾರ ರಾತ್ರಿ ಎಮ್ಮಿಗನೂರು ಮೇಲಿನ ಬಸ್ಸಿಗೆ ಊರಿಗೆ ಬರುತ್ತೇನೆ. ಭಾನುವಾರ ಮನೆಯ ಮುಂದಿನ ಕಟ್ಟೆಯ ಮೇಲೆ ಊರ ಮಕ್ಕಳಿಗೆ ಚೆಸ್ ಹೇಳಿಕೊಡುತ್ತೇನೆ. ನಾನೂ ಇನ್ನೂ ಕಲಿಯುತ್ತಲೇ ಇದ್ದೇನೆ. ಕರ್ನೂಲು, ರಾಯಚೂರು, ಬಳ್ಳಾರಿ ಕಡೆ ಟೂರ್ನಮೆಂಟ್ ಇದ್ದಾಗ ರಜೆ ಸಿಕ್ಕರೆ ಹೋಗಿ ಆಡಿ ಬರುತ್ತೇನೆ. ಆದ್ದರಿಂದ ಇಲ್ಲಿ ಹೇಳುವುದು ದೊಡ್ಡ ಕೋಚಿನ ಪಾಠವಲ್ಲ. ಕೆಲಸವಿರುವ, ಹೊಲವಿರುವ, ಸಾಲವಿರುವ ಮನೆಗಳಲ್ಲಿ ಒಂದು ಅಭ್ಯಾಸ ಹೇಗೆ ಉಳಿಯುತ್ತದೆ ಎಂಬುದನ್ನು ಹತ್ತಿರದಿಂದ ಕಂಡವನ ಮಾತು.

ಮೊದಲು ಆ ಎಂಟು ತಾಸಿನ ವಿಚಾರ. ಗುಕೇಶ್ ನಾಲ್ಕನೇ ತರಗತಿಯ ನಂತರ ಎಲ್ಲರಂತೆ ದಿನವೂ ಶಾಲೆಗೆ ಹೋಗಲಿಲ್ಲ. ಅವರ ತಂದೆ ಕಿವಿ, ಮೂಗು, ಗಂಟಲಿನ ಶಸ್ತ್ರಚಿಕಿತ್ಸಕರು. ಮಗನ ಜತೆ ದೇಶ ದೇಶ ತಿರುಗಲು ತಮ್ಮ ವೃತ್ತಿಯನ್ನೇ ಬದಿಗಿಟ್ಟವರು. ನಮ್ಮ ಆಂಧ್ರದವರೇ ಆದ ಕೊನೇರು ಹಂಪಿ 2002ರಲ್ಲಿ, ಹದಿನೈದನೇ ವಯಸ್ಸಿಗೆ ಗ್ರ್ಯಾಂಡ್‌ಮಾಸ್ಟರ್ ಆದರು. ಗುಡಿವಾಡದ ಆ ಮನೆಯಲ್ಲಿ ತಂದೆ ಅಶೋಕ್ ಅವರೇ ಗುರು. ಇಂಥ ಮನೆಗಳ ತ್ಯಾಗ ದೊಡ್ಡದು, ಅದಕ್ಕೆ ನಾನು ಕೈಮುಗಿಯುತ್ತೇನೆ. ಆದರೆ ಅದನ್ನು ನೋಡಿಕೊಂಡು ನಂದವರಂ ಮಂಡಲದ ಒಬ್ಬ ಕೌಲು ರೈತ ಮಗನನ್ನು ಶಾಲೆ ಬಿಡಿಸುವ ಮಾತಾಡಿದರೆ, ಬೇಡಪ್ಪಾ ಅಂತ ಅಡ್ಡ ನಿಲ್ಲುವುದು ನನ್ನ ಕರ್ತವ್ಯ. ಪತ್ರಿಕೆಗಳು ಶಿಖರ ಏರಿದವರ ಕಥೆಯನ್ನು ಬರೆಯುತ್ತವೆ, ಬರೆಯಲೇಬೇಕು. ಆ ಕಥೆಯ ಪಕ್ಕದಲ್ಲಿ ಮಾಮೂಲಿ ಮನೆಯ ಮಗು ಈ ಆಟವನ್ನು ಹೇಗೆ ಬೆಳೆಸಿಕೊಳ್ಳಬಹುದು ಎಂಬುದನ್ನೂ ನಾಲ್ಕು ಸಾಲು ಬರೆದರೆ ಎಷ್ಟೋ ಉಪಕಾರ.

ನಮ್ಮ ಕಡೆಯ ವರ್ಷ ಹೇಗಿರುತ್ತದೆ ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಜೂನಿನಲ್ಲಿ ಮಳೆ ಬಿದ್ದರೆ ಹತ್ತಿ ಬೀಜ. ದಸರೆಯ ಹೊತ್ತಿಗೆ ಹತ್ತಿ ಬಿಡಿಸುವ ಕೆಲಸ ಶುರು. ಶಾಲೆ ಮಕ್ಕಳೂ ರಜೆಯಲ್ಲಿ ಹೊಲದಲ್ಲೇ ಇರುತ್ತಾರೆ. ಆಮೇಲೆ ಗುಳೆ. ಕೋಸಿಗಿ, ಮಂತ್ರಾಲಯ, ನಂದವರಂ, ಕೌತಾಳ ಕಡೆಯ ಊರುಗಳಿಂದ ಸಂಸಾರ ಸಮೇತ ಗುಂಟೂರು ಕಡೆ ಮೆಣಸಿನಕಾಯಿ ಬಿಡಿಸಲು ಹೋಗುತ್ತಾರೆ, ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೋಗುತ್ತಾರೆ. ಮನೆಗಳಿಗೆ ಬೀಗ, ಅರುಗಿನ ಮೇಲೆ ಮುದುಕರು. ಮಾರ್ಚಿನಲ್ಲಿ ಪರೀಕ್ಷೆ. ಏಪ್ರಿಲ್, ಮೇ ತಿಂಗಳಲ್ಲಿ ಹಗಲು ಹೊರಗೆ ಕಾಲಿಡಲಾಗದ ಬಿಸಿಲು. ಇನ್ನು ನದಿಯ ಪಕ್ಕದ ಊರು ನಮ್ಮದು. 2009ರ ಅಕ್ಟೋಬರಿನಲ್ಲಿ ತುಂಗಭದ್ರೆ ಬಂದಾಗ ಇಲ್ಲಿನ ಸೇತುವೆಯೇ ಹೋಯಿತು, ಮನೆಗಳು ಹೋದವು. ಅಂಥ ಊರಲ್ಲಿ ಯಾರಾದರೂ ವರ್ಷಪೂರ್ತಿಯ ವೇಳಾಪಟ್ಟಿ ಗೋಡೆಗೆ ಅಂಟಿಸಿದರೆ ಅದು ಎಷ್ಟು ದಿನ ನಡೆಯಬಹುದು?

ನನ್ನ ಕೆಲಸವೂ ಹಾಗೇ. ಬೇಸಿಗೆಯಲ್ಲಿ ಮಧ್ಯಾಹ್ನದ ಮೇಲೆ ಅಂಗಡಿಯಲ್ಲಿ ನೊಣ ಹೊಡೆಯುವಷ್ಟು ಬಿಡುವು. ಹತ್ತಿ ಬರುವ ತಿಂಗಳುಗಳಲ್ಲಿ ಬೆಳಗ್ಗೆ ಗಾಡಿ ಇಳಿದಲ್ಲಿಂದ ಶುರುವಾದರೆ ಟೆಂಡರು, ತೂಕ, ಹಮಾಲಿ ಲೆಕ್ಕ, ರೈತರ ಚೀಟಿ ಎಲ್ಲ ಮುಗಿಸಿ ಎದ್ದೇಳುವಾಗ ಕಣ್ಣ ಮುಂದೆ ಅಂಕಿಗಳೇ ಕುಣಿಯುತ್ತವೆ. ಮೇ ತಿಂಗಳ ಬಿಡುವಿನಲ್ಲಿ ಕೂತು ದಿನಕ್ಕೆ ಮೂರು ತಾಸು ಅಂತ ಹಾಕಿಕೊಂಡ ಪಟ್ಟಿ ನವೆಂಬರಿನ ಮೊದಲ ವಾರದಲ್ಲೇ ಸಾಯುತ್ತದೆ. ಹಾಗೆ ಸತ್ತ ಪಟ್ಟಿ ಆಟದ ಮೇಲಿನ ಆಸೆಯನ್ನೂ ಅರ್ಧ ಕೊಂದು ಹೋಗುತ್ತದೆ. "ನಮ್ಮ ಕೈಲಿ ಆಗಲ್ಲ ಬಿಡು" ಅನ್ನುವ ಮಾತು ಮಕ್ಕಳ ಬಾಯಲ್ಲಿ ಬರುವುದು ಆಗಲೇ. ಅದಕ್ಕೇ ನನ್ನ ನಿಯಮ ಇದು: ಅಭ್ಯಾಸದ ಅಳತೆಯನ್ನು ವರ್ಷದ ಒಳ್ಳೆಯ ದಿನ ನೋಡಿ ಗೊತ್ತುಮಾಡಬಾರದು. ವರ್ಷದ ಅತಿ ಕಷ್ಟದ ದಿನ ಯಾವುದೋ, ಅವತ್ತೂ ಕೂತು ಮುಗಿಸಬಲ್ಲಷ್ಟೇ ಇಟ್ಟುಕೊಳ್ಳಬೇಕು. ಬಿಡುವಿದ್ದ ದಿನ ಹೆಚ್ಚು ಕೂತರೆ ಅದು ಲಾಭ. ಆದರೆ ಲೆಕ್ಕಕ್ಕೆ ಹಿಡಿಯುವುದು ಆ ಅರ್ಧ ತಾಸನ್ನೇ.

ಅರ್ಧ ತಾಸಿನಲ್ಲಿ ಏನು ಮಾಡಬೇಕು? ಅದರಲ್ಲಿ ಅರ್ಧ ಹೊತ್ತು ಸಮಸ್ಯೆ ಬಿಡಿಸುವುದಕ್ಕೆ. ಒಂದು ಸ್ಥಿತಿ ಕೊಟ್ಟು, ಬಿಳಿಯ ನಡೆ, ಎರಡು ನಡೆಯಲ್ಲಿ ಮೇಟ್ ಅನ್ನುವಂಥವು. ಕುದುರೆ ಒಂದೇ ಏಟಿಗೆ ರಾಜನನ್ನೂ ಆನೆಯನ್ನೂ ಹಿಡಿಯುವಂಥವು. ಇದಕ್ಕೆ ಕಾರಣ ಇದೆ. ಡಚ್ ಮನಶ್ಶಾಸ್ತ್ರಜ್ಞ, ತಾವೂ ಒಳ್ಳೆಯ ಚೆಸ್ ಆಟಗಾರರಾಗಿದ್ದ ಆದ್ರಿಯಾನ್ ಡೆ ಗ್ರೂಟ್ 1940ರ ದಶಕದಲ್ಲಿ ದೊಡ್ಡ ಆಟಗಾರರ ಯೋಚನೆಯನ್ನು ಪರೀಕ್ಷಿಸಿದರು. ಅವರ ಜಾಡು ಹಿಡಿದು 1973ರಲ್ಲಿ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಅಮೆರಿಕದಲ್ಲಿ ಒಂದು ಪ್ರಯೋಗ ಮಾಡಿದರು. ನಿಜವಾದ ಆಟದ ಒಂದು ಸ್ಥಿತಿಯನ್ನು ಐದು ಸೆಕೆಂಡು ಮಾತ್ರ ತೋರಿಸಿ, ಖಾಲಿ ಬೋರ್ಡಿನ ಮೇಲೆ ಮತ್ತೆ ಜೋಡಿಸಿ ಅಂದರು. ಮಾಸ್ಟರ್ ಆಟಗಾರ ಬಹುಪಾಲು ಕಾಯಿಗಳನ್ನು ಸರಿಯಾಗಿ ಇಟ್ಟರು, ಹೊಸಬರಿಗೆ ನಾಲ್ಕೈದು ಕಾಯಿಗಳೇ ನೆನಪಾದವು. ಆಮೇಲೆ ಅದೇ ಕಾಯಿಗಳನ್ನು ಅಡ್ಡಾದಿಡ್ಡಿ ಇಟ್ಟು ತೋರಿಸಿದಾಗ ಮಾಸ್ಟರಿಗೂ ಹೊಸಬರಿಗೂ ಹೆಚ್ಚು ವ್ಯತ್ಯಾಸವೇ ಉಳಿಯಲಿಲ್ಲ. ದೊಡ್ಡ ಆಟಗಾರರ ತಲೆ ಬೇರೆ ಮಣ್ಣಿನದ್ದಲ್ಲ ಅಂತ ಇದರಿಂದ ತಿಳಿಯುತ್ತದೆ. ವರ್ಷಗಟ್ಟಲೆ ನೋಡಿ ನೋಡಿ ಸಾವಿರಾರು ಜೋಡಣೆಗಳು ಅವರ ಕಣ್ಣಿಗೆ ಪರಿಚಯವಾಗಿರುತ್ತವೆ. ಆದೋನಿ ಯಾರ್ಡಿನಲ್ಲಿ ನಲವತ್ತು ವರ್ಷ ಹತ್ತಿ ನೋಡಿದ ದಲಾಲಿ ಒಂದು ಹಿಡಿ ಎತ್ತಿ ಎಳೆದರೆ ಸಾಕು, ಎಳೆಯ ಉದ್ದ, ತೇವ, ಕಸ ಎಲ್ಲ ಹೇಳುತ್ತಾನೆ. ಚೆಸ್ಸಿನ ಕಣ್ಣೂ ಹಾಗೆಯೇ ಪಳಗುವಂಥದ್ದು.

ಪರಿಚಯ ಬೆಳೆಯಬೇಕಾದರೆ ಆಗಾಗ ಮುಖ ನೋಡಬೇಕು. ಒಂದು ಭಾನುವಾರ ಐದು ತಾಸು ಕೂತು ನೂರು ಸಮಸ್ಯೆ ಬಿಡಿಸಿ ಮುಂದಿನ ಭಾನುವಾರದವರೆಗೆ ಬೋರ್ಡು ಮುಟ್ಟದ ಹುಡುಗನಿಗಿಂತ, ದಿನವೂ ಆರು ಸಮಸ್ಯೆ ಬಿಡಿಸಿದ ಹುಡುಗಿ ಮುಂದೆ ಹೋಗುವುದನ್ನು ನಮ್ಮ ಕಟ್ಟೆಯ ಮೇಲೆಯೇ ನೋಡುತ್ತಿದ್ದೇನೆ. ಇನ್ನೊಂದು ಮಾತು: ಹೊಸ ಹೊಸ ಸಮಸ್ಯೆಗಳ ಹಿಂದೆ ಓಡುವುದು ಬೇಕಿಲ್ಲ. ಸ್ವೀಡನ್ನಿನ ಹಾನ್ಸ್ ಟಿಕ್ಕನೆನ್ ಎಂಬ ಆಟಗಾರ ಒಂದೇ ಸಮಸ್ಯೆಗಳ ಗಂಟನ್ನು ಮತ್ತೆ ಮತ್ತೆ, ಪ್ರತಿ ಸಲ ಮೊದಲಿಗಿಂತ ಬೇಗ ಬಿಡಿಸುವ ಪದ್ಧತಿ ಹಿಡಿದು 2010ರಲ್ಲಿ ಗ್ರ್ಯಾಂಡ್‌ಮಾಸ್ಟರ್ ಮಟ್ಟ ಮುಟ್ಟಿದರು. ಮರಕುಟುಕದ ಹೆಸರು ಪಡೆದ ಆ ಪದ್ಧತಿಯ ಬಗ್ಗೆ ಆಕ್ಸೆಲ್ ಸ್ಮಿತ್ ಜತೆ ಸೇರಿ 2018ರಲ್ಲಿ ಪುಸ್ತಕವನ್ನೂ ತಂದರು. ನಮ್ಮ ಮಕ್ಕಳಿಗೆ ಇದು ಬಹಳ ಅನುಕೂಲದ ಸಂಗತಿ. ಪುಸ್ತಕಗಳ ರಾಶಿ ಬೇಡ. ಒಂದು ನೋಟ್‌ಬುಕ್ಕು, ಅದರಲ್ಲಿ ಅರವತ್ತೋ ಎಂಬತ್ತೋ ಒಳ್ಳೆಯ ಸಮಸ್ಯೆಗಳಿದ್ದರೆ ವರ್ಷ ಕಳೆಯಬಹುದು.

ಬಿಡಿಸುವ ರೀತಿಯಲ್ಲೂ ಒಂದು ಕಟ್ಟುನಿಟ್ಟು ಬೇಕು. ಉತ್ತರ ಕಾಣುವವರೆಗೆ ಕಾಯಿ ಮುಟ್ಟಬಾರದು. ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂಡು ಅಂತ ನಾನು ಚಿಕ್ಕ ಮಕ್ಕಳಿಗೆ ಹೇಳುತ್ತೇನೆ. ಮೊದಲು ಚೆಕ್ ಕೊಡುವ ನಡೆಗಳೆಲ್ಲ ನೋಡು, ಆಮೇಲೆ ಕಾಯಿ ಹೊಡೆಯುವ ನಡೆಗಳು, ಆಮೇಲೆ ಬೆದರಿಸುವ ನಡೆಗಳು. ಎದುರಿನವನ ಉತ್ತರ ಏನಿರಬಹುದು ಅದನ್ನೂ ನೋಡು. ಎಲ್ಲವನ್ನೂ ಕಾಗದದ ಮೇಲೆ ಬರೆ. ಬರೆದಾದ ಮೇಲೆ ಕಾಯಿ ನಡೆಸು. ಮೊಬೈಲಿನಲ್ಲಿ ಇದು ಕಷ್ಟ, ಯಾಕೆಂದರೆ ಬೆರಳು ತಲೆಗಿಂತ ಮುಂದೆ ಓಡುತ್ತದೆ. ತಪ್ಪಾದರೆ ಇನ್ನೊಂದು ನಡೆ ಒತ್ತಿ ನೋಡೋಣ ಅನ್ನಿಸುತ್ತದೆ. ಊಹೆ ಹೊಡೆದು ಸಿಕ್ಕ ಉತ್ತರದಿಂದ ಕಣ್ಣಿಗೆ ಏನೂ ಪರಿಚಯವಾಗುವುದಿಲ್ಲ.

ವಿಶ್ವನಾಥನ್ ಆನಂದ್ ತಮ್ಮ ಬಾಲ್ಯದ ಬಗ್ಗೆ ಹೇಳಿಕೊಂಡ ಒಂದು ಪ್ರಸಂಗ ನನಗೆ ತುಂಬಾ ಇಷ್ಟ. 1970ರ ದಶಕದ ಕೊನೆಯಲ್ಲಿ ತಂದೆಯ ಕೆಲಸದ ನಿಮಿತ್ತ ಅವರ ಕುಟುಂಬ ಫಿಲಿಪ್ಪೀನ್ಸಿನ ಮನಿಲಾದಲ್ಲಿತ್ತು. ಅಲ್ಲಿನ ಟೀವಿಯಲ್ಲಿ ಮಧ್ಯಾಹ್ನ ಒಂದು ಚೆಸ್ ಕಾರ್ಯಕ್ರಮ ಬರುತ್ತಿತ್ತು, ಕೊನೆಗೆ ಒಂದು ಸಮಸ್ಯೆ ಕೊಡುತ್ತಿದ್ದರು. ಹುಡುಗ ಆ ಹೊತ್ತಿಗೆ ಶಾಲೆಯಲ್ಲಿ. ತಾಯಿ ಸುಶೀಲಾ ಅವರೇ ಕೂತು ನೋಡಿ, ಆಟಗಳನ್ನೂ ಆ ಸಮಸ್ಯೆಯನ್ನೂ ಬರೆದಿಟ್ಟುಕೊಳ್ಳುತ್ತಿದ್ದರು. ಸಂಜೆ ತಾಯಿ ಮಗ ಇಬ್ಬರೂ ಸೇರಿ ಬಿಡಿಸಿ ಉತ್ತರ ಕಳಿಸುತ್ತಿದ್ದರು. ಬಹುಮಾನವಾಗಿ ಪುಸ್ತಕ. ಎಷ್ಟು ಸಲ ಗೆದ್ದರೆಂದರೆ ಕೊನೆಗೆ ಕಾರ್ಯಕ್ರಮದವರು, ಬೇಕಾದಷ್ಟು ಪುಸ್ತಕ ತಗೊಂಡು ಹೋಗು, ಇನ್ನು ಮುಂದೆ ಉತ್ತರ ಕಳಿಸಬೇಡ ಅಂದರಂತೆ. 1988ರಲ್ಲಿ ಭಾರತದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದವರ ಮನೆಯ ಅಭ್ಯಾಸದಲ್ಲಿ ಒಂದು ಟೀವಿ, ಒಂದು ಕಾಗದ, ದಿನದ ಒಂದು ಸಮಸ್ಯೆ, ಜತೆಗೆ ಕೂಡುವ ತಾಯಿ ಇದ್ದರು. ನಮ್ಮ ಊರಿನ ತಾಯಂದಿರಿಗೆ ಈ ಕಥೆಯನ್ನು ನಾನು ಬಿಡದೆ ಹೇಳುತ್ತೇನೆ. ಆಟ ಬಾರದಿದ್ದರೂ ಪರವಾಗಿಲ್ಲ, ರೊಟ್ಟಿ ಬಡಿಯುತ್ತಾ "ಇವತ್ತಿನ ಲೆಕ್ಕ ಬಿಡಿಸಿದಿಯೇನೋ?" ಅಂತ ಒಂದು ಮಾತು ಕೇಳಿದರೆ ಮಗು ಬೋರ್ಡು ಹಾಸುತ್ತದೆ.

ಉಳಿದ ಹೊತ್ತಿನಲ್ಲಿ ಐದು ನಿಮಿಷ ಆಟದ ಕೊನೆಯ ಘಟ್ಟಕ್ಕೆ. ಬೋರ್ಡಿನ ಮೇಲೆ ಕಾಯಿ ಕಡಿಮೆಯಿದ್ದಷ್ಟೂ ಒಂದೊಂದು ನಡೆಯ ಬೆಲೆ ಚೆನ್ನಾಗಿ ಕಾಣುತ್ತದೆ. ಕ್ಯೂಬಾದ ಕಾಪಾಬ್ಲಾಂಕಾ 1921ರ ತಮ್ಮ ಪುಸ್ತಕದಲ್ಲಿ ಶುರುವಿನಲ್ಲೇ ಇಂಥ ಸರಳ ಅಂತ್ಯಗಳನ್ನು ಇಟ್ಟರು. ಎಲ್ಲ ಮಕ್ಕಳಿಗೂ ನಾನು ಬಾಯಿಪಾಠ ಮಾಡಿಸುವ ಒಂದು ಸ್ಥಿತಿಯನ್ನು ಓದುಗರೂ ಬೋರ್ಡು ತೆಗೆದು ಜೋಡಿಸಿಕೊಳ್ಳಲಿ. ಬಿಳಿ ರಾಜ ಇ5 ಮನೆಯಲ್ಲಿ, ಬಿಳಿ ಸಿಪಾಯಿ ಇ6ರಲ್ಲಿ, ಕರಿ ರಾಜ ಇ7ರಲ್ಲಿ. ಬೇರೆ ಕಾಯಿಯೇ ಇಲ್ಲ. ಬಿಳಿ ರಾಜ ಡಿ5ಕ್ಕೆ ಹೋದ. ಈಗ ಕರಿ ರಾಜ ಹಿಂದೆ ಸರಿಯಬೇಕು. ಕೊನೆಯ ಸಾಲಿನಲ್ಲಿ ಮೂರು ಮನೆ ಕಾಣುತ್ತವೆ: ಡಿ8, ಇ8, ಎಫ್8. ಹೊಸ ಮಗು ಸಾಮಾನ್ಯವಾಗಿ ಬಿಳಿ ರಾಜ ಹೋದ ಕಡೆಗೇ, ಡಿ8ಕ್ಕೆ ಹೋಗುತ್ತದೆ. ಬಿಳಿ ರಾಜ ಡಿ6, ಕರಿ ರಾಜ ಇ8, ಸಿಪಾಯಿ ಇ7, ಕರಿ ರಾಜ ಎಫ್7ಕ್ಕೆ ಹೋಗಲೇಬೇಕು, ಬಿಳಿ ರಾಜ ಡಿ7ಕ್ಕೆ ಬಂದ. ಮುಂದಿನ ನಡೆಗೆ ಸಿಪಾಯಿ ಮಂತ್ರಿಯಾಗುತ್ತಾನೆ, ಆಟ ಮುಗಿಯಿತು. ಎಫ್8ಕ್ಕೆ ಹೋದರೂ ಇದೇ ಗತಿ. ನೇರವಾಗಿ ಹಿಂದಕ್ಕೆ, ಇ8ಕ್ಕೆ ಹೋದರೆ ಮಾತ್ರ ಜೀವ ಉಳಿಯುತ್ತದೆ: ಬಿಳಿ ರಾಜ ಡಿ6ಕ್ಕೆ ಬಂದರೆ ಕರಿ ರಾಜ ಡಿ8ಕ್ಕೆ ಬಂದು ಎದುರು ನಿಲ್ಲುತ್ತಾನೆ, ಸಿಪಾಯಿ ಇ7ಕ್ಕೆ ಬಂದು ಚೆಕ್, ಕರಿ ರಾಜ ಇ8. ಈಗ ಬಿಳಿ ರಾಜ ಸಿಪಾಯಿಯನ್ನು ಕಾಯಲು ಇ6ಕ್ಕೆ ಬಂದರೆ ಕರಿಗೆ ನಡೆಯೇ ಇಲ್ಲ, ಸ್ಟೇಲ್‌ಮೇಟ್. ಕಾಯದೆ ಬಿಟ್ಟರೆ ಸಿಪಾಯಿಯೇ ಹೋಯಿತು. ಎರಡರಲ್ಲೂ ಡ್ರಾ.

ಇದೇ ಜಾಗದಲ್ಲಿ ಬಿಳಿ ರಾಜ ತನ್ನ ಸಿಪಾಯಿಗಿಂತ ಮುಂದೆ, ಆರನೇ ಸಾಲಿನಲ್ಲಿ ನಿಂತಿದ್ದರೆ, ಅಂದರೆ ರಾಜ ಇ6, ಸಿಪಾಯಿ ಇ5, ಕರಿ ರಾಜ ಇ8 ಇದ್ದರೆ, ನಡೆ ಯಾರದ್ದಾದರೂ ಬಿಳಿಗೇ ಗೆಲುವು. ಕಾಯಿಗಳು ಅವೇ ಮೂರು. ರಾಜ ಮುಂದೆ ಇದ್ದಾನೋ ಹಿಂದೆ ಇದ್ದಾನೋ ಅನ್ನುವುದೊಂದೇ ವ್ಯತ್ಯಾಸ. ಈ ಎರಡು ಸ್ಥಿತಿಗಳನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುವ ಮಗು, ಆಟದ ನಡುವೆ ಕಾಯಿ ಬದಲಾಯಿಸಿಕೊಳ್ಳುವಾಗಲೇ ಮುಂದೇನು ಬರುತ್ತದೆಂದು ಯೋಚಿಸತೊಡಗುತ್ತದೆ. ಐದು ನಿಮಿಷಕ್ಕೆ ಇದಕ್ಕಿಂತ ಹೆಚ್ಚಿನ ಫಲ ಕೊಡುವುದು ನನಗೆ ಗೊತ್ತಿಲ್ಲ. ಓಪನಿಂಗುಗಳನ್ನು ಹದಿನೈದು ನಡೆವರೆಗೆ ಉರು ಹೊಡೆಸುವ ಕೋಚಿಂಗುಗಳ ಬಗ್ಗೆ ನನಗೆ ತಕರಾರು ಇರುವುದೂ ಇಲ್ಲೇ. ಎದುರಿನ ಹುಡುಗ ನಾಲ್ಕನೇ ನಡೆಗೇ ಬೇರೆ ದಾರಿ ಹಿಡಿದರೆ ಉರು ಹೊಡೆದದ್ದೆಲ್ಲ ಹೋಯಿತು. ರಾಜ ಸಿಪಾಯಿಯ ಲೆಕ್ಕ ಪ್ರತಿ ಆಟದ ಕೊನೆಗೂ ಕಾದಿರುತ್ತದೆ.

ಗುಳೆ ಹೋದಾಗಲೂ ಅಭ್ಯಾಸ ಉಳಿಯುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಹೇಳುತ್ತೇನೆ. ನನ್ನ ಹತ್ತಿರ ಕಲಿಯುವ ಏಳನೇ ತರಗತಿಯ ಒಬ್ಬ ಹುಡುಗಿ. ಮನೆಯವರೆಲ್ಲ ಸಂಕ್ರಾಂತಿಯ ಮುಂಚೆ ಗುಂಟೂರು ಕಡೆ ಮೆಣಸಿನಕಾಯಿಗೆ ಹೊರಟರು, ಇವಳನ್ನೂ ಕರೆದುಕೊಂಡು. ಬೋರ್ಡು ಒಯ್ಯಲು ಮೂಟೆಯಲ್ಲಿ ಜಾಗವಿಲ್ಲ. ನೋಟ್‌ಬುಕ್ಕಿನಲ್ಲಿ ಪುಟಕ್ಕೆ ಎರಡರಂತೆ ಸಮಸ್ಯೆ ಬರೆದುಕೊಟ್ಟೆ. ಕಾಯಿಗಳಿಗೆ ಚಿಹ್ನೆ, ಆನೆಗೆ ಆ, ಕುದುರೆಗೆ ಕು, ಒಂಟೆಗೆ ಒ, ಮಂತ್ರಿಗೆ ಮಂ. ಹೊಲದ ಬದಿ ಪಟ್ಟೆ ಕಟ್ಟಿದ ಗುಡಾರದಲ್ಲಿ ರಾತ್ರಿ ಅಡುಗೆಯಾಗುವವರೆಗೆ ಅದನ್ನು ತೆರೆದು ನೋಡುತ್ತಿದ್ದಳಂತೆ. ಘಾಟಿಗೆ ಕೈ ಉರಿಯುವಾಗಲೂ ಪೆನ್ನು ಹಿಡಿದು ಉತ್ತರ ಬರೆದಿದ್ದಾಳೆ, ಆ ಪುಟಗಳ ಅಂಚಿನಲ್ಲಿ ಕೆಂಪು ಬೆರಳಚ್ಚು ಇದೆ. ಏಪ್ರಿಲ್ಲಿನಲ್ಲಿ ಬಂದು ನನ್ನ ಮುಂದೆ ನೋಟ್‌ಬುಕ್ಕು ಇಟ್ಟಾಗ ನೋಡಿದರೆ ಬೋರ್ಡಿಲ್ಲದೆ ಬಿಡಿಸಿ ಬಿಡಿಸಿ ತಲೆಯೊಳಗೇ ಮನೆಗಳನ್ನು ಕಾಣುವುದು ಕಲಿತಿದ್ದಳು. ಇ8 ಬಿಳಿ ಮನೆಯೋ ಕರಿ ಮನೆಯೋ ಅಂತ ಕೇಳಿದರೆ ಕಣ್ಣು ಮುಚ್ಚಿ ಹೇಳುತ್ತಾಳೆ. ಊರಲ್ಲೇ ಇದ್ದು ಮೊಬೈಲಿನಲ್ಲಿ ದಿನವೂ ಆಡಿದ ಹುಡುಗರು ಆ ಬೇಸಿಗೆಯಲ್ಲಿ ಅವಳ ಮುಂದೆ ನಿಲ್ಲಲಿಲ್ಲ. ನನ್ನ ವಾದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಮೊಬೈಲಿನ ಮೇಲೆ ನನಗೆ ದ್ವೇಷವಿಲ್ಲ. 2010ರಲ್ಲಿ ಫ್ರಾನ್ಸಿನ ತಿಬೊ ದ್ಯುಪ್ಲೆಸಿ ಶುರುಮಾಡಿದ ಲಿಚೆಸ್ ಇವತ್ತಿಗೂ ಪೂರ್ತಿ ಉಚಿತ, ಜಾಹೀರಾತೂ ಇಲ್ಲ. ನಾಗಲದಿನ್ನೆಯ ಮಗುವಿಗೂ ನಾರ್ವೆಯ ಮಗುವಿಗೂ ಅಲ್ಲಿ ಸಿಗುವ ಸಮಸ್ಯೆಗಳ ಭಂಡಾರ ಒಂದೇ. ಇದು ಸಣ್ಣ ಮಾತಲ್ಲ. ಆದರೆ ಮೂರು ನಿಮಿಷದ, ಒಂದು ನಿಮಿಷದ ಆಟಗಳನ್ನು ರಾತ್ರಿ ಹನ್ನೊಂದರವರೆಗೆ ಆಡಿ ಅದನ್ನು ಅಭ್ಯಾಸ ಅನ್ನುವುದನ್ನು ನಾನು ಒಪ್ಪಲಾರೆ. ಅಲ್ಲಿ ಮಗು ತನಗೆ ಗೊತ್ತಿರುವುದನ್ನೇ ಬೇಗ ಬೇಗ ಮಾಡುತ್ತದೆ. ಸೋತರೆ ಇನ್ನೊಂದು, ಗೆದ್ದರೆ ಇನ್ನೊಂದು. ವಾರಕ್ಕೆ ಒಂದೇ ಒಂದು ನಿಧಾನದ ಆಟ ಸಾಕು, ಒಬ್ಬೊಬ್ಬರಿಗೆ ಅರ್ಧ ತಾಸು. ಎದುರಿಗೆ ಮನುಷ್ಯ ಕೂತಿರಬೇಕು, ಪ್ರತಿ ನಡೆ ಬರೆದುಕೊಳ್ಳಬೇಕು. ಆ ಒಂದು ಆಟವನ್ನು ಸೋಮವಾರದಿಂದ ಶನಿವಾರದವರೆಗೆ, ದಿನದ ಅರ್ಧ ತಾಸಿನಲ್ಲಿ ಉಳಿದ ಹತ್ತು ನಿಮಿಷ ಬಿಚ್ಚಿ ನೋಡಬೇಕು. ಇಲ್ಲಿ ಯಾಕೆ ಈ ನಡೆ ಆಡಿದೆ, ಎದುರಿನವನ ಯಾವ ನಡೆ ನನ್ನ ಕಣ್ಣಿಗೆ ಬೀಳಲಿಲ್ಲ ಅಂತ ತನ್ನ ಮಾತಿನಲ್ಲೇ, ತನ್ನ ಕನ್ನಡದಲ್ಲೇ ಬರೆಯಬೇಕು. ಕಂಪ್ಯೂಟರಿನ ಉತ್ತರ ಕೊನೆಗೆ. ಗುಕೇಶರ ಗುರು ವಿಷ್ಣು ಪ್ರಸನ್ನ ಶಿಷ್ಯನನ್ನು 2500 ರೇಟಿಂಗ್ ದಾಟುವವರೆಗೂ ಕಂಪ್ಯೂಟರ್ ಎಂಜಿನ್ನಿನಿಂದ ದೂರ ಇಟ್ಟಿದ್ದರು. ವಿಶ್ವ ಚಾಂಪಿಯನ್ನಿನ ಮನೆಯಿಂದ ನಮ್ಮ ಮನೆಗಳಿಗೆ ಖರ್ಚಿಲ್ಲದೆ ತಂದುಕೊಳ್ಳಬಹುದಾದ ಪದ್ಧತಿ ಏನಾದರೂ ಇದ್ದರೆ ಅದು ಇದೇ.

ತಪ್ಪಿದ ದಿನದ ಬಗ್ಗೆಯೂ ಹೇಳಬೇಕು. ಜ್ವರ ಬರುತ್ತದೆ, ಜಾತ್ರೆ ಬರುತ್ತದೆ, ಮನೆಯಲ್ಲಿ ಸಾವಾಗುತ್ತದೆ. ಅವತ್ತು ಬಿಟ್ಟುಹೋದ ಅರ್ಧ ತಾಸನ್ನು ಮರುದಿನ ಒಂದು ತಾಸು ಮಾಡಿ ತೀರಿಸುವುದು ಬೇಡ. ಸಾಲ ಏರುತ್ತಾ ಹೋದರೆ ಮಗು ಹೆದರಿ ಲೆಕ್ಕದ ಪುಸ್ತಕವನ್ನೇ ಮುಚ್ಚುತ್ತದೆ. ಮರುದಿನ ಮಾಮೂಲಿ ಅರ್ಧ ತಾಸಿಗೆ ಕೂತರೆ ಆಯಿತು. ಇದಕ್ಕೆ ತದ್ವಿರುದ್ಧದ ದಾರಿಯೂ ಇದೆ. ಅಮೆರಿಕದ ಮೈಕೆಲ್ ಡೆ ಲಾ ಮಾಜಾ ಎಂಬವರು 400 ದಿನಗಳಲ್ಲಿ ರೇಟಿಂಗನ್ನು 400 ಅಂಕ ಏರಿಸಿಕೊಂಡು ಹೆಸರು ಮಾಡಿದರು. ಒಂದೇ ಸಮಸ್ಯೆಗಳನ್ನು ಸುತ್ತಿನ ಮೇಲೆ ಸುತ್ತು, ಪ್ರತಿ ಸುತ್ತಿನಲ್ಲಿ ಸಮಯ ಅರ್ಧ ಮಾಡುತ್ತಾ, ಕೊನೆಗೆ ಇಡೀ ದಿನ ಕೂತು ಬಿಡಿಸುವ ಕಠಿಣ ಕ್ರಮ ಅವರದ್ದು. 2001ರಲ್ಲಿ ಒಂದು ದೊಡ್ಡ ಟೂರ್ನಮೆಂಟಿನ ತಮ್ಮ ವಿಭಾಗ ಗೆದ್ದರು, ಮರುವರ್ಷ ಪುಸ್ತಕ ಬರೆದರು, ಆಟ ಬಿಟ್ಟರು. ಅವರ ಜೀವನ ಅವರದ್ದು. ನಮ್ಮ ಮಕ್ಕಳಿಗೆ ಮಾತ್ರ ಅರವತ್ತನೇ ವಯಸ್ಸಿಗೂ ಕಟ್ಟೆಯ ಮೇಲೆ ಕೂತು ಆಡುವಷ್ಟು ಆಸೆ ಉಳಿಯಲಿ ಎಂಬುದು ನನ್ನ ಆಶಯ.

ಕೆಲಸದ ನಡುವೆ ಬೆಳೆದವರು ಇಲ್ಲವೇ? ಇದ್ದಾರೆ. ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಮೈಸೂರಿನ ಎಂ.ಎಸ್. ತೇಜ್‌ಕುಮಾರ್ ರೈಲ್ವೆ ನೌಕರರು. 2017ರಲ್ಲಿ ಆ ಪದವಿ ಬಂದಾಗ ಅವರಿಗೆ ವಯಸ್ಸು ಮೂವತ್ತು ದಾಟಿತ್ತು. ಹನ್ನೆರಡಕ್ಕೆ, ಹದಿಮೂರಕ್ಕೆ ಗ್ರ್ಯಾಂಡ್‌ಮಾಸ್ಟರ್ ಆಗುವ ಈ ಕಾಲದಲ್ಲಿ ಅಷ್ಟು ವರ್ಷ ಬಿಡದೆ ಹಿಡಿದುಕೊಂಡದ್ದನ್ನು ನಾನು ಎಲ್ಲಕ್ಕಿಂತ ಹೆಚ್ಚು ಗೌರವಿಸುತ್ತೇನೆ. ಆಟ ಕನ್ನಡಿಗರಿಗೆ ಹೊಸದೂ ಅಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ, ಹನ್ನೆರಡನೇ ಶತಮಾನದಲ್ಲೇ, ಚದುರಂಗದ ವಿವರ ಇದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆಯನ್ನು ಅರವತ್ತನಾಲ್ಕು ಮನೆಗೂ ಒಂದೊಂದೇ ಸಲ ನಡೆಸುವ ಬಂಧಗಳನ್ನು ರಚಿಸಿದವರು. ಅರಮನೆಯಲ್ಲಿ ಬೆಳೆದ ಆಟವನ್ನು ಹತ್ತಿ ಹೊಲದವರೆಗೆ ತರುವುದು ಬಾಕಿ ಇದೆ.

ಅದಕ್ಕೆ ಸರ್ಕಾರಗಳೂ ಊರವರೂ ಮಾಡಬಹುದಾದದ್ದು ಇದೆ. ಆರ್ಮೇನಿಯಾ 2011ರಲ್ಲಿ ಪ್ರಾಥಮಿಕ ಶಾಲೆಗಳಲ್ಲಿ ಚೆಸ್ ಕಡ್ಡಾಯ ಮಾಡಿತು. ಪಕ್ಕದ ತಮಿಳುನಾಡು ಏಳರಿಂದ ಹದಿನೇಳು ವಯಸ್ಸಿನವರಿಗೆ ಶಾಲೆಗಳಲ್ಲಿ ಚೆಸ್ ಯೋಜನೆ ತಂದು ದಶಕ ಕಳೆದಿದೆ. ಕೇರಳದ ತ್ರಿಶೂರು ಜಿಲ್ಲೆಯ ಮರೊಟ್ಟಿಚಾಲಿನಲ್ಲಿ ಯಾವ ಯೋಜನೆಯೂ ಇರಲಿಲ್ಲ. ಕುಡಿತ, ಜೂಜಿನಲ್ಲಿ ಮುಳುಗಿದ್ದ ಊರಿಗೆ ಉಣ್ಣಿಕೃಷ್ಣನ್ ಎಂಬ ಚಹಾ ಅಂಗಡಿಯವರು ತಮ್ಮ ಅಂಗಡಿಯಲ್ಲೇ ಚೆಸ್ ಕಲಿಸಿದರು, ಇವತ್ತು ಅದು ಚೆಸ್ ಹಳ್ಳಿ ಅಂತಲೇ ಹೆಸರಾಗಿದೆ. ನಮ್ಮ ಶಾಲೆಗಳಲ್ಲಿ ಹೊಸ ಪೀರಿಯಡ್ಡು ಬೇಡ, ಹೊಸ ಮೇಷ್ಟ್ರೂ ಬೇಡ. ಮಧ್ಯಾಹ್ನದ ಊಟವಾದ ಮೇಲೆ ಇಪ್ಪತ್ತು ನಿಮಿಷ. ಕರಿಹಲಗೆಯ ಮೂಲೆಯಲ್ಲಿ ಬಣ್ಣದಿಂದ ಒಂದು ಚೌಕ ಬರೆದಿಟ್ಟು, ದಿನವೂ ಒಂದು ಸಮಸ್ಯೆ. ಬೆಳಗ್ಗೆ ಹಾಕಿದ ಸಮಸ್ಯೆಗೆ ಸಂಜೆ ಗಂಟೆ ಹೊಡೆಯುವ ಮುಂಚೆ ಉತ್ತರ. ಖರ್ಚು ಒಂದು ಡಬ್ಬಿ ಬಣ್ಣದ್ದು.

ಗಡಿನಾಡಿನ ಕನ್ನಡ ಮಕ್ಕಳಿಗೆ ಇನ್ನೊಂದು ತೊಡಕಿದೆ. ಆದೋನಿ, ಕೌತಾಳ, ಹೊಳಗುಂದ ಕಡೆಯ ಕನ್ನಡ ಮಾಧ್ಯಮದ ಮಗುವಿಗೆ ಚೆಸ್ ಪಾಠ ಸಿಗುವುದು ತೆಲುಗಿನಲ್ಲಿ ಇಲ್ಲವೆ ಇಂಗ್ಲಿಷಿನಲ್ಲಿ. ತೆಲುಗು ನಮಗೆ ಮನೆಮಾತಿನಷ್ಟೇ ಹತ್ತಿರ, ಅದಕ್ಕೆ ಬೇಸರವಿಲ್ಲ. ಆದರೆ ಓದಿ, ಬರೆದು, ತಾನೇ ಕೂತು ಯೋಚಿಸಲು ಶಾಲೆಯಲ್ಲಿ ಕಲಿತ ಅಕ್ಷರದಲ್ಲಿ ಒಂದು ಪುಸ್ತಕ ಬೇಕು. ಗಡಿನಾಡ ಕನ್ನಡ ಶಾಲೆಗಳಿಗೆ ನೆರವಾಗುವ ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಇದೆ. ಅವರಲ್ಲಿ ನನ್ನ ಕೋರಿಕೆ ಚಿಕ್ಕದು: ಅಂಗಿಯ ಜೇಬಿಗೆ ಹಿಡಿಯುವ, ಅರವತ್ತನಾಲ್ಕು ಪುಟದ ಒಂದು ಕನ್ನಡ ಪುಸ್ತಿಕೆ. ಪುಟಕ್ಕೆ ಎರಡು ಸಮಸ್ಯೆ, ಉತ್ತರ ಬರೆಯಲು ಕೆಳಗೆ ಖಾಲಿ ಗೆರೆ, ಕೊನೆಯ ಕೆಲವು ಪುಟದಲ್ಲಿ ರಾಜ ಸಿಪಾಯಿಯ ಅಂತ್ಯಗಳು, ಹಿಂಬದಿಯ ರಟ್ಟಿನ ಮೇಲೆ ಮಡಚಿ ಬಿಚ್ಚುವ ಬೋರ್ಡು. ನಾನು ವರ್ಷಗಳಿಂದ ಆಯ್ದಿಟ್ಟುಕೊಂಡ ಸಮಸ್ಯೆಗಳ ನೋಟ್‌ಬುಕ್ಕುಗಳಿವೆ, ಕೇಳಿದವರಿಗೆ ಹಾಗೇ ಕೊಡುತ್ತೇನೆ, ಕಾಸು ಬೇಡ. ದಸರೆಯೊಳಗೆ ಅಚ್ಚಾಗಿ ಬಂದರೆ, ಈ ಸಲ ಗುಂಟೂರಿಗೆ ಹೊರಡುವ ಮೂಟೆಗಳಲ್ಲಿ ಅದಕ್ಕೆ ಜಾಗ ಸಿಗುತ್ತದೆ.